ದೀಪ ಆರಿದ್ದು ದೈವಸಂಕಲ್ಪವಲ್ಲವೆಂದು ಬರೆದುಕೊಡಿ

ಹೊಳೆನರಸೀಪುರ, ಮಾರ್ಚ್ 1940

ಲೈಟ್ ಆಫೀಸಿನ ದೊಡ್ಡ ಅಧಿಕಾರಿಗಳೇ,

ತಾವು ಮಾರಿದ ಬಲ್ಬುಗಳ ದೆಸೆಯಿಂದ ನನ್ನ ಮಗಳಿಗೆ ಎರಡು ಸಂಬಂಧ ತಪ್ಪಿವೆ. ಗುಟ್ಟಾಗಿ ಬರೆದ ಮೂರು ಅರ್ಜಿಗೆ ಉತ್ತರವಿಲ್ಲ. ಊರೇ ಓದಲಿ ಎಂದು ಇದನ್ನು ಪತ್ರಿಕೆಗೇ ಕೊಟ್ಟಿದ್ದೇನೆ.

ಕಾರ್ತಿಕದಲ್ಲಿ ಅರಕಲಗೂಡಿನವರು ನನ್ನ ಮಗಳು ನೀಲಾಂಬಿಕೆಯನ್ನು ನೋಡಲು ಸಂಜೆ ಬಸ್ಸಿಗೆ ಬಂದರು. ನಮ್ಮದು ಎಲೆಕ್ಟ್ರಿಕ್ ದೀಪದ ಮನೆ ಎಂದು ನಾನು ಮೊದಲೇ ಜಂಬ ಕೊಚ್ಚಿದ್ದೆ. ನಡುಮನೆಯ ಬಲ್ಬಿಗೆ ಆಗಿನ್ನೂ ನಾಲ್ಕು ತಿಂಗಳ ಪ್ರಾಯ. ಹುಡುಗಿ ಬಂದು ಚಾಪೆಯ ಮೇಲೆ ಕೂತಳು. ಬಲ್ಬು ಟಪ್ ಎಂದಿತು. ಹುಡುಗನ ಅಜ್ಜಿ ರೇವಮ್ಮನವರು, "ಹೆಣ್ಣು ಕುಂತೇಟ್ಗೆ ದೀಪ ಓಯ್ತಲ್ಲಪ್ಪ. ಈ ಸಂಬಂಧ ಬ್ಯಾಡ ಕಣ, ನಡೀರಿ" ಎಂದರು. ಆ ಕತ್ತಲಲ್ಲೂ ಉಪ್ಪಿಟ್ಟು ಮುಗಿಸಿಯೇ ಎದ್ದರು ಎನ್ನುವುದು ಬೇರೆ ಮಾತು.

ಮಾಘದಲ್ಲಿ ಚನ್ನರಾಯಪಟ್ಟಣದವರು ಬಂದರು. ಅರಕಲಗೂಡಿನ ಸುದ್ದಿ ಕೇಳಿಯೇ ಬಂದಿದ್ದರಿಂದ ಹುಡುಗಿಯನ್ನು ಬಿಟ್ಟು, ನಾನು ಹೊಸದಾಗಿ ಹಾಕಿಸಿದ್ದ ಬಲ್ಬನ್ನೇ ನೋಡುತ್ತ ಕೂತಿದ್ದರು. ಅದೂ ಟಪ್ ಎಂದಿತು, ಅವರನ್ನು ನಿರಾಸೆಗೊಳಿಸಲಿಲ್ಲ. ಈಗ ನೀಲಾಂಬಿಕೆ ದೀಪ ಹಾಕಿದ ಮೇಲೆ ನಡುಮನೆಗೆ ಬರುವುದನ್ನೇ ಬಿಟ್ಟಿದ್ದಾಳೆ.

ನಮ್ಮ ಕೊಟ್ಟಿಗೆಯಲ್ಲಿ, ಊರಿಗೆ ಕರೆಂಟು ಬಂದ ವರ್ಷ ಹಾಕಿದ ಬಲ್ಬೊಂದು ಹತ್ತು ವರ್ಷದಿಂದ ಉರಿಯುತ್ತಿದೆ. ಅದರಡಿ ನಮ್ಮ ಎಮ್ಮೆ ಆರು ಕರು ಹಾಕಿದೆ. ಇದೇನಯ್ಯ ಎಂದು ತಮ್ಮ ಲೈನ್‌ಮನ್ ತಿಮ್ಮಪ್ಪನನ್ನು ಕೇಳಿದೆ.

"ಅದು ಸಾಯದ ಬಲ್ಬು ಸಾ. ಸಾಯ್ದಿದ್ರೆ ಹೊಸಾದು ಯಾರು ತಗತಾರೆ? ಈಗ ಇಷ್ಟೇ ಗಂಟೆ ಉರೀಬೇಕು ಅಂತ ಮಾಡೇ ಕಳುಸ್ತಾರಂತೆ."

ಹಾಗಾದರೆ ಅದನ್ನೇ ತಂದು ನಡುಮನೆಗೆ ಹಾಕು ಎಂದೆ.

"ಮುಟ್ಬ್ಯಾಡಿ ಸಾ. ಅಲ್ಲಾಡುಸುದ್ರೆ ಒಳಗಿನ ತಂತಿ ಉದುರೋಯ್ತದೆ."

ಎಮ್ಮೆಗೆ ಹತ್ತು ವರ್ಷದ ಬೆಳಕು, ನನ್ನ ಮಗಳಿಗೆ ನಾಲ್ಕು ತಿಂಗಳದ್ದು. ಇದು ಯಾವ ನ್ಯಾಯ ಸ್ವಾಮಿ? ಬಲ್ಬಿನ ಹಣೆಬರಹವನ್ನು ಕಾರ್ಖಾನೆಯಲ್ಲಿ ಬರೆದ ಮೇಲೆ ದೋಷ ಇವಳ ಜಾತಕಕ್ಕೆ ಏಕೆ ಬರಬೇಕು? ಅದು ಸಾಯುವ ದಿನವನ್ನು ಡಬ್ಬಿಯ ಮೇಲೆ ಅಚ್ಚುಹಾಕಿದ್ದರೆ ಪಂಚಾಂಗದ ಜೊತೆ ಅದನ್ನೂ ನೋಡಿಕೊಳ್ಳುತ್ತಿದ್ದೆವು.

ನನಗೆ ಬೇರೆ ಬಲ್ಬು ಬೇಡ. ದೀಪ ಆರಿದ್ದು ಬಲ್ಬಿನ ಆಯಸ್ಸು ತೀರಿ, ಅದಕ್ಕೂ ಹುಡುಗಿಗೂ ದೇವರಿಗೂ ಸಂಬಂಧವಿಲ್ಲ ಎಂದು ಕಚೇರಿಯ ಮೊಹರು ಒತ್ತಿ ಬರೆದುಕೊಡಿ. ಬರುವ ಸೋಮವಾರ ಹಾಸನದವರು ಬರುತ್ತಾರೆ. ಅಷ್ಟರಲ್ಲಿ ಕಾಗದ ತಲುಪದಿದ್ದರೆ ಜಮಖಾನ ಹಾಸಿ ಕೊಟ್ಟಿಗೆಯಲ್ಲೇ ಹೆಣ್ಣು ತೋರಿಸುತ್ತೇನೆ. ನೀಲಾಂಬಿಕೆಯೂ ಒಪ್ಪಿದ್ದಾಳೆ:

"ಅಲ್ಲಾದ್ರೆ ದೀಪ ಓಗಕಿಲ್ಲ ಅಪ್ಪಯ್ಯ. ಎಮ್ಮೆಗೆ ಎದರೋ ಗಂಡು ನಂಗೂ ಬ್ಯಾಡ."

ಇಂತಿ,
ಎರಡು ಸಲ ಬೀಗರನ್ನು ಕತ್ತಲಲ್ಲಿ ಬೀಳ್ಕೊಟ್ಟ
ಪರಮಶಿವಯ್ಯ