ಹಸಿರು ಪೊಟ್ಟಣ

ಶಿನ್‌ಚು, ತೈವಾನ್, ಅಕ್ಟೋಬರ್ ೧೪

ಅಪ್ಪಾ,

ನಾನು ವಿನ್ಯಾಸ ಮಾಡಿದ ಚಿಪ್ ಇವತ್ತಿನ ಪರೀಕ್ಷೆಯಲ್ಲಿ ಗೆದ್ದಿತು! ಯಂತ್ರದ ಕನ್ವೇಯರ್ ಪಟ್ಟಿಯ ಮೇಲೆ ಓಡುವ ನಿಮ್ಮ ತೋಟದ ಪರ್ಸಿಮನ್ ಹಣ್ಣುಗಳನ್ನು ಕ್ಯಾಮೆರಾದಲ್ಲಿ ನೋಡಿ, ಹಸಿರು ಕಾಯಿಯಿದ್ದರೆ ರೆಪ್ಪೆ ಬಡಿಯುವಷ್ಟರಲ್ಲಿ ಗಾಳಿಯೂದಿ ಹಾರಿಸಿಬಿಡುತ್ತದೆ.

ಬೆಳಿಗ್ಗೆ ಮಾತ್ರ ನನ್ನ ಜೀವವೇ ಹೋದಂತಾಗಿತ್ತು. ಪಟ್ಟಿ ಖಾಲಿಯಿದ್ದರೂ ಗಾಳಿ ನಿಲ್ಲಲೊಲ್ಲದು. ಮೂರು ವರ್ಷದ ಕೆಲಸ ಮಣ್ಣುಪಾಲಾಯಿತೆಂದು ಅಳುವುದೊಂದೇ ಬಾಕಿಯಿತ್ತು. ಆಗ ಪಕ್ಕದ ಮೇಜಿನ ಪೆಂಗ್ ಅಕ್ಕ ಬಿದ್ದುಬಿದ್ದು ನಕ್ಕರು.

"ಪಕ್ಕದಲ್ಲಿಟ್ರೆ ಯಂತ್ರ ಹಟ ಮಾಡಲ್ಲ ಅನ್ನೋ ನಂಬಿಕೆಯಿಂದ ನಿಮ್ಮಪ್ಪ ಕಳ್ಸಿದ ಹಸಿರು ತಿಂಡಿ ಪೊಟ್ಟಣಾನ ಕ್ಯಾಮೆರಾ ಎದುರಿಗೇ ಇಟ್ಟಿದ್ದೀಯಲ್ಲೇ! ಅದನ್ನೇ ಕಾಯಿ ಅಂದ್ಕೊಂಡಿದೆ!"

ಪೊಟ್ಟಣವನ್ನು ಕ್ಯಾಮೆರಾದ ಹಿಂದಿಟ್ಟೆವು. ಆಮೇಲೆ ಐನೂರು ಹಣ್ಣಿನಲ್ಲಿ ಒಂದೂ ತಪ್ಪಲಿಲ್ಲ.

ಶನಿವಾರ ನೋಡಲು ಬನ್ನಿ. ಇನ್ನೊಂದು ಬುಟ್ಟಿ ಹಣ್ಣು ತನ್ನಿ. ನಿಮ್ಮ ಆ ಹಸಿರು ಅಂಗಿ ಮಾತ್ರ ಹಾಕಿಕೊಳ್ಳಬೇಡಿ.

ನಿಮ್ಮ ಮಗಳು,
ಯೂನ್‌ಝೆನ್