ಎರಡನೆಯ ಬೆಲ್ಟು

ಪುವೊಲಾಂಕಾ
ನವೆಂಬರ್ 16, 2023, ಗುರುವಾರ

ಪ್ರೀತಿಯ ಸಿಲ್ವಿ ಅಕ್ಕಾ,

ನಿನ್ನ ಮೊಣಕಾಲು ಹೇಗಿದೆ? ಹೊಸ ಕಿವಿಯಂತ್ರ ಒಗ್ಗಿತೇ, ಇಲ್ಲ ಹಳೆಯದರ ಹಾಗೆ ಅದೂ ಸಕ್ಕರೆ ಡಬ್ಬಿಯ ಪಕ್ಕ ಹೋಗಿ ಕೂತಿದೆಯೇ? ಫೋನ್ ಮಾಡಿದರೆ ನೀನು ಎಲ್ಲದಕ್ಕೂ ‘ಹೂಂ, ಹೂಂ’ ಎನ್ನುತ್ತೀಯ, ಆಮೇಲೆ ಕೇಳಿದರೆ ಒಂದು ಮಾತೂ ಕಿವಿಗೆ ಬಿದ್ದಿರುವುದಿಲ್ಲ. ಅದಕ್ಕೇ ಈ ಕಾಗದ. ಗೋಥೆನ್‌ಬರ್ಗಿನಲ್ಲಿ ಇನ್ನೂ ಹಿಮ ಬಿದ್ದಿಲ್ಲವಂತೆ. ಇಲ್ಲಿ ಅಂಗಳದ ತುಂಬ ಬಿದ್ದಿದೆ, ಮಧ್ಯಾಹ್ನ ಮೂರಕ್ಕೆಲ್ಲ ದೀಪ ಹಾಕುತ್ತಿದ್ದೇವೆ.

ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಕೂತಿದ್ದೆ. ಸುಳ್ಳು ಯಾಕೆ, ಎರಡು ಪಕ್ಕೆಲುಬು ಮುರಿದಿವೆ. ಸೀನು ಬಂದರೆ ಮೇಜು ಹಿಡಿದುಕೊಂಡು ನಿಲ್ಲುತ್ತೇನೆ. ಗಾಬರಿಯಾಗಬೇಡ, ಕೂಡಿಕೊಳ್ಳುತ್ತಿವೆ. ಹೇಗಾಯಿತು ಎಂಬುದನ್ನು ಇಲ್ಲಿ ಯಾರಿಗೂ ಪೂರ್ತಿಯಾಗಿ ಹೇಳಿಲ್ಲ. ನೀನು ಮೂವತ್ತು ವರ್ಷ ಕಾರು ಕಾರ್ಖಾನೆಯಲ್ಲಿ ಕಾರಿನ ಹೊಟ್ಟೆಗೆ ವೈರು ಜೋಡಿಸಿದವಳು, ನಿನಗೆ ಅರ್ಥವಾದೀತು.

ತೈಸ್ತೊನ ತಲೆಯ ಬಗ್ಗೆ ಬೇಸಿಗೆಯಿಂದಲೇ ನನಗೆ ಅನುಮಾನವಿತ್ತು. ಮದುವೆಯಾಗಿ ನಲವತ್ತೊಂದು ವರ್ಷ, ಗಂಡನ ಮರೆವು ಎಷ್ಟು ಸಹಜ, ಎಷ್ಟು ಅಲ್ಲ ಎಂದು ಹೆಂಡತಿಗೆ ತಿಳಿಯದೇ? ಒಲೆ ಉರಿಯುವುದನ್ನು ಹಾಗೇ ಬಿಟ್ಟು, ವಿಷಗಾಳಿ ಮನೆಯೊಳಗೇ ತುಂಬುವ ಹಾಗೆ ಹೊಗೆಕೊಳವೆಯ ಮುಚ್ಚಳ ಎಳೆದು ಮುಚ್ಚಿ ಹೊರಗೆ ಹೋಗಿದ್ದ, ಎರಡು ಸಲ. ಎರಡು ಸಲವೂ ನಾನು ಊಟವಾದ ಮೇಲೆ ಒಂದು ಗಳಿಗೆ ಮಲಗಿದ್ದೆ. ಆಗಸ್ಟಿನಲ್ಲಿ ಒಂದು ದಿನ ಅಂಗಳದ ಸೌನಾದ ಬಿಸಿ ಹಬೆಯಲ್ಲಿ ನಾನು ಬೆವರುತ್ತ ಕೂತಿದ್ದಾಗ ಹೊರಗಿನಿಂದ ಅಗಣಿ ಹಾಕಿಬಿಟ್ಟ. ಬಡಿದು ಬಡಿದು ಕೈ ನೋವಾದ ಮೇಲೆ ತೆಗೆದ. ‘ಅಯ್ಯೋ, ನೀನು ಒಳಗಿದ್ದೀಯ ಅನ್ನೋದೇ ಮರ್ತೋಯ್ತು ಇರ್ಯಾ’ ಎಂದು ನಕ್ಕ. ನಾನೂ ನಕ್ಕೆ. ಆಮೇಲೆ ಅವನಿಗೆ ಹೇಳದೆ ಕಯಾನಿಯ ಆಸ್ಪತ್ರೆಯಲ್ಲಿ ನೆನಪಿನ ಪರೀಕ್ಷೆಗೆ ಹೆಸರು ಬರೆಸಿದೆ. ಫ್ಲೂ ಚುಚ್ಚುಮದ್ದಿಗೆ ಹೋಗೋಣ ಎಂದು ಅವನಿಗೆ ಹೇಳಿದ್ದೆ.

ಅಕ್ಟೋಬರ್ ಇಪ್ಪತ್ತನಾಲ್ಕು, ಮಂಗಳವಾರ, ಬೆಳಗಿನ ಹತ್ತೂವರೆ. ಆ ಪರೀಕ್ಷೆಗೇ ಹೊರಟಿದ್ದೆವು, ಅವನೇ ಕಾರು ಓಡಿಸುತ್ತಿದ್ದ. ರಸ್ತೆಯ ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು, ಆದರೆ ಮೂವತ್ತೈದು ವರ್ಷ ಮರದ ದಿಮ್ಮಿಯ ಲಾರಿ ಓಡಿಸಿದವನಿಗೆ ಅದೇನು ದೊಡ್ಡದಲ್ಲ. ಹಳೇ ಮರದ ಮಿಲ್ಲು ದಾಟಿದ ಮೇಲೆ, ರೇಡಿಯೊ ಆರಿಸಿ, ‘ಆಸ್ಪತ್ರೆಯೋರ ಕಾಗದ ನೋಡ್ದೆ’ ಎಂದ. ಅಷ್ಟೇ. ನಾನು ಏನೋ ಸಮಜಾಯಿಷಿ ಹೇಳಲು ಬಾಯಿ ತೆರೆದೆ. ಕಾರು ಜೋರಾಯಿತು. ತಿರುವಿನಲ್ಲಿ ಅವನು ಬ್ರೇಕು ಒತ್ತಿದ್ದು ನನಗೆ ನೆನಪಿಲ್ಲ. ಒತ್ತಿದೆ ಎಂದು ಅವನು ಹೇಳುತ್ತಾನೆ. ಕಾರಿನ ಮೂತಿ ನನ್ನ ಬದಿಯಲ್ಲಿ ಸ್ಪ್ರೂಸ್ ಮರಕ್ಕೆ ಹೊಡೆಯಿತು.

ಗಾಳಿಚೀಲಗಳು ಸಿಡಿದ ಹೊಗೆಯಲ್ಲಿ ಒಂದಿಷ್ಟು ಹೊತ್ತು ಏನೂ ಕಾಣಲಿಲ್ಲ. ಬೆಲ್ಟು ಎದೆಯನ್ನು ಎಷ್ಟು ಬಿಗಿದಿತ್ತೆಂದರೆ ಉಸಿರು ಒಳಗೆ ಹೋಗುತ್ತಿತ್ತೇ ಹೊರತು ದನಿಯಾಗಿ ಹೊರಗೆ ಬರುತ್ತಿರಲಿಲ್ಲ. ಕನ್ನಡಿಯ ಮೇಲೆ, ಛಾವಣಿಯಲ್ಲಿ, ಮುಚ್ಚಳದೊಳಗೆ ಆ ತುರ್ತು ಕರೆಯ ಬಟನ್ ಇದೆಯಲ್ಲ, ಅದರ ದೀಪ ತಾನಾಗಿ ಹೊತ್ತಿಕೊಂಡಿತು. ನಾವ್ಯಾರೂ ಮುಟ್ಟಿರಲಿಲ್ಲ. ಎಲ್ಲಿಂದಲೋ ಹಳೆಯ ಫ್ಯಾಕ್ಸ್ ಯಂತ್ರದ ಹಾಗೆ ಕಿರ್ರೆಂದಿತು. ಕಾರು ಮೊದಲು ತನ್ನ ಲೆಕ್ಕ ಒಪ್ಪಿಸುತ್ತದಂತೆ: ಎಲ್ಲಿದ್ದೇನೆ, ಯಾವ ದಿಕ್ಕಿಗೆ ಹೋಗುತ್ತಿದ್ದೆ, ಯಾವ ಕಾರು, ಎಷ್ಟು ಬೆಲ್ಟು ಹಾಕಿದ್ದಾರೆ. ಆಮೇಲೆ ಮನುಷ್ಯರ ಮಾತು. ಆಮೇಲೆ ನನ್ನನ್ನು ನೋಡಲು ಆಸ್ಪತ್ರೆಗೆ ಬಂದ ಅಗ್ನಿಶಾಮಕ ದಳದ ಹುಡುಗಿ ಇದನ್ನೆಲ್ಲ ನನಗೆ ಹೇಳಿದಳು. ನಿನಗೆ ಮೊದಲೇ ಗೊತ್ತಿದ್ದೀತು.

ಒಬ್ಬ ಹೆಂಗಸಿನ ದನಿ ಬಂತು. ‘ತುರ್ತು ಕೇಂದ್ರದಿಂದ ಮಾತಾಡ್ತಿದ್ದೀನಿ. ಅಲ್ಲಿ ಏನಾಯ್ತು? ಯಾರಿಗಾದ್ರೂ ಪೆಟ್ಟಾಗಿದೆಯಾ?’

ತೈಸ್ತೊ ಗಂಟಲು ಸರಿಮಾಡಿಕೊಂಡ. ‘ಏನಿಲ್ಲಮ್ಮ, ಜಾರಿ ಚರಂಡಿಗೆ ಇಳ್ದಿದೀನಿ. ನಾನೊಬ್ನೇ ಇರೋದು. ಯಾರೂ ಬರೋದು ಬೇಡ, ಗೆಳೆಯನ ಟ್ರ್ಯಾಕ್ಟರ್ ಕರೆಸ್ಕೋತೀನಿ.’

ಅಕ್ಕಾ, ಅವನ ಮೊಣಕೈ ನನ್ನ ಮೊಣಕೈಗೆ ತಾಗುತ್ತಿತ್ತು.

ಅವಳು, ‘ನಿಮ್ಮ ಕಾರು ಎರಡು ಬೆಲ್ಟ್ ತೋರಿಸ್ತಿದೆ’ ಎಂದಳು.

‘ಅದಾ? ಆಲೂಗಡ್ಡೆ ಮೂಟೆ. ಉರುಳದೇ ಇರ್ಲಿ ಅಂತ ಬಿಗ್ದಿದೀನಿ.’

ಇಷ್ಟು ಹೇಳುವಾಗ ಅವನು ನನ್ನ ಕಡೆ ತಿರುಗಲಿಲ್ಲ, ಒಡೆದ ಗಾಜಿನತ್ತಲೇ ನೋಡುತ್ತಿದ್ದ. ನಾನು ಬಾಯಿ ತೆರೆದರೆ ಬಂದದ್ದು ಬರೀ ಗಾಳಿ. ತುರ್ತು ಕೇಂದ್ರದ ಆ ಹೆಂಗಸಿಗೆ ಏನು ಹೊಳೆಯಿತೋ, ದನಿಯನ್ನು ಸ್ವಲ್ಪವೂ ಏರಿಸದೆ ಹೇಳಿದಳು: ‘ಆಯ್ತು. ಈಗ ಪಕ್ಕದ ಸೀಟಿಗೆ ಹೇಳ್ತಿದ್ದೀನಿ. ಅಲ್ಲಿ ಯಾರಾದ್ರೂ ಇದ್ದು, ಮಾತಾಡೋಕೆ ಆಗ್ತಿಲ್ಲ ಅಂದ್ರೆ, ಏನನ್ನಾದ್ರೂ ಮೂರು ಸಲ ತಟ್ಟಿ.’

ಬಲಗೈ ಬಾಗಿಲಿನ ಕಡೆ ಇತ್ತು. ಉಂಗುರದಿಂದ ಗಾಜಿಗೆ ಮೂರು ಸಲ ತಟ್ಟಿದೆ.

‘ಕೇಳಿಸ್ತು’ ಎಂದಳು. ‘ಆಂಬುಲೆನ್ಸ್ ಹೊರಟಿದೆ. ನಾನು ಲೈನಲ್ಲೇ ಇರ್ತೀನಿ.’

ಆಗ ತೈಸ್ತೊ ಕೈ ಎತ್ತಿ ಆ ಬಟನ್ ಒತ್ತಿದ. ಮತ್ತೆ ಒತ್ತಿದ. ಕೀಲಿ ತಿರುಗಿಸಿ ಕಾರಿನ ಉಸಿರು ನಿಲ್ಲಿಸಿದ. ದೀಪ ಆರಲಿಲ್ಲ, ಅವಳ ದನಿಯೂ ನಿಲ್ಲಲಿಲ್ಲ. ಅಪಘಾತವಾಗಿ ಕಾರೇ ಹಚ್ಚಿದ ಕರೆಯನ್ನು ಕಾರಿನಲ್ಲಿದ್ದವರು ಕಡಿಯಲಾಗುವುದಿಲ್ಲವಂತೆ. ಆ ತುದಿಯವರೇ ಬಿಡಬೇಕು, ಅದಕ್ಕೆ ಬೇರೆ ಬ್ಯಾಟರಿಯೂ ಇರುತ್ತದಂತೆ. ಅವನಿಗದು ಗೊತ್ತಿರಲಿಲ್ಲ. ಕೈ ಇಳಿಸಿ ಮೊದಲ ಸಲ ನನ್ನನ್ನು ನೋಡಿದ. ಸಿಟ್ಟಿನ ಮುಖವಲ್ಲ, ಹೆದರಿದ ಮುಖವೂ ಅಲ್ಲ. ಅರ್ಧ ಕೆಲಸವಾಗಿದ್ದಾಗ ಯಾರೋ ಬಾಗಿಲು ಬಡಿದರೆ ಹೇಗೆ ನೋಡುತ್ತಾನೋ ಹಾಗೆ. ಇಪ್ಪತ್ತಾರು ನಿಮಿಷ ಅವಳು ನಿಮಿಷಕ್ಕೊಮ್ಮೆ ‘ತಟ್ಟಿ’ ಎನ್ನುತ್ತಿದ್ದಳು, ನಾನು ತಟ್ಟುತ್ತಿದ್ದೆ, ಅವನು ಸ್ಟಿಯರಿಂಗ್ ಮೇಲೆ ಎರಡೂ ಕೈ ಇಟ್ಟು ಕೂತಿದ್ದ. ಅವಳ ಹೆಸರು ನನಗೆ ಗೊತ್ತಿಲ್ಲ. ಕೇಳಲು ದನಿ ಇರಲಿಲ್ಲ.

ನಾಲ್ಕು ದಿನ ಆಸ್ಪತ್ರೆಯಲ್ಲಿದ್ದೆ. ಅವನಿಗೆ ಕೆನ್ನೆಯ ಮೇಲೆ ಒಂದು ಗೀರು, ಅಷ್ಟೆ. ಪೊಲೀಸರು ಕೇಳಿದಾಗ, ಪಾಪ ಅವನಿಗೆ ಗಾಬರಿಯಾಗಿತ್ತು, ತಲೆ ಸರಿಯಿಲ್ಲ ಎಂದು ನಾನೇ ಹೇಳಿದೆ. ಬೈಯಬೇಡ. ಆಗ ನಾನು ನಿಜವಾಗಿ ಹಾಗೇ ನಂಬಿದ್ದೆ. ಮರೆವಿನ ಕಾಯಿಲೆ ಬಂದವರು ತೆರಪು ಕಂಡಲ್ಲಿ ಏನಾದರೂ ಕಥೆ ಕಟ್ಟಿ ತುಂಬುತ್ತಾರೆ, ಅದನ್ನು ಸುಳ್ಳು ಎನ್ನಬಾರದು ಎಂದು ಡಾಕ್ಟರೂ ಹೇಳಿದರು. ಆ ಮಾತನ್ನು ದಿಂಬಿನ ಹಾಗೆ ತಬ್ಬಿಕೊಂಡು ಮನೆಗೆ ಬಂದೆ. ಅವನು ರೈ ರೊಟ್ಟಿ ಹೆಚ್ಚಿ ಕೊಟ್ಟ, ದಿಂಬು ಎತ್ತರಿಸಿಟ್ಟ, ಕಾಫಿ ಹಾಸಿಗೆಗೇ ತಂದ. ನಲವತ್ತೊಂದು ವರ್ಷದಲ್ಲಿ ಹಾಸಿಗೆಗೆ ಕಾಫಿ ಬಂದದ್ದು ಅದೇ ಮೊದಲು.

ಹೋದ ಶುಕ್ರವಾರ ತಾನಾಗಿಯೇ, ಬಸ್ಸಿನಲ್ಲಿ, ಒಬ್ಬನೇ ಹೋಗಿ ಆ ಪರೀಕ್ಷೆ ಮಾಡಿಸಿಕೊಂಡು ಬಂದ. ಮೂವತ್ತಕ್ಕೆ ಇಪ್ಪತ್ತೊಂಬತ್ತು. ತಪ್ಪಿದ್ದು ಆ ದಿನದ ತಾರೀಖು ಮಾತ್ರ, ಅದು ನನಗೂ ತಪ್ಪುತ್ತಿತ್ತು. ‘ನೋಡು, ನಿನ್ನ ಮುದುಕನ ತಲೆ ಗಟ್ಟಿಯಾಗೇ ಇದೆ’ ಎಂದು ಹೇಳಿ ಆ ಹಾಳೆಯನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದ. ಅಂದಿನಿಂದ ಹಾಲು ತೆಗೆಯಲು ಹೋದಾಗಲೆಲ್ಲ ಅದನ್ನು ಓದುತ್ತೇನೆ. ಅವನಿಗೆ ಮರೆವಿನ ಕಾಯಿಲೆ ಇರಲಿ ಎಂದು ಬೇಡಿಕೊಂಡ ಹೆಂಡತಿ ನಾನೊಬ್ಬಳೇ ಇರಬೇಕು.

ಇರಲಿ. ಬಹುಶಃ ಇದೆಲ್ಲ ನನ್ನ ಮುರಿದ ಎಲುಬಿನ ಯೋಚನೆ. ನಿನಗೆ ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದೇನೆ, ಒಂದು ಕಾಲಿನದು ಮುಗಿದಿದೆ. ಔಷಧಿ ಬಿಡಬೇಡ, ಮೆಟ್ಟಿಲಿನಲ್ಲಿ ಹುಷಾರು. ಪಕ್ಕದ ಮನೆಯ ಆ ಒಳ್ಳೆಯ ಹುಡುಗಿಗೆ ನಾನು ಕೇಳಿದೆನೆಂದು ಹೇಳು. ನಿನ್ನ ಆಯಸ್ಸು ಗಟ್ಟಿಯಾಗಿರಲಿ.

ನಿನ್ನ ತಂಗಿ,
ಇರ್ಯಾ

ಮರೆತದ್ದು: ಅಂಗಡಿಯ ಅಂಚೆ ಕೌಂಟರಿನಲ್ಲಿ ನಿಂತು ಬರೆಯುತ್ತಿದ್ದೇನೆ, ಅಕ್ಷರ ಓದಲಾಗದಿದ್ದರೆ ಕ್ಷಮಿಸು. ಗ್ಯಾರೇಜಿನ ಹನ್ನೆಸ್ ಈಗಷ್ಟೇ ಇಲ್ಲಿ ಸಿಕ್ಕಿದ. ಕಾರು ರಿಪೇರಿಯಾಗಿ ಇವತ್ತು ಬೆಳಿಗ್ಗೆ ಮನೆಗೆ ಬಂದಿದೆ. ‘ಕಾರಿನ ಆ ತುರ್ತು ಫೋನಿನ ಪೆಟ್ಟಿಗೆ ಕಿತ್ತಾಕು ಅಂದ್ರು ನಿಮ್ಮನೆಯೋರು. ಕಾನೂನಲ್ಲಿ ಹಂಗೆ ಮಾಡಂಗಿಲ್ಲ, ನಂಗಾಗಲ್ಲ ಅಂದೆ. ಹಂಗಾದ್ರೆ ಎಲ್ಲಿದೆ ಅಂತ ತೋರ್ಸು ಸಾಕು ಅಂದ್ರು. ತೋರಿಸ್ದೆ’ ಎಂದ. ಪಾಪ, ಅವನಿಗೇನು ಗೊತ್ತು. ನಾನು ಮನೆ ಬಿಡುವಾಗ ತೈಸ್ತೊ ಕಾರಿನ ಮುಂದಿನ ಸೀಟಿನಡಿ ಸ್ಕ್ರೂಡ್ರೈವರ್ ಹಿಡಿದು ಬಾಗಿದ್ದ. ‘ಬೇಗ ಬಾ, ಊಟ ಆದ್ಮೇಲೆ ಕೆರೆ ಕಡೆ ಒಂದು ಸುತ್ತು ಹೋಗ್ಬರೋಣ’ ಎಂದ. ನಾನು ವಾಪಸು ಹೋಗುವುದಿಲ್ಲ. ಔಲುವಿನ ಬಸ್ಸು ಹೊರಗೆ ನಿಂತಿದೆ, ಅಲ್ಲಿಂದ ರೈಲು, ಹಡಗು ಹಿಡಿದು ನಿನ್ನಲ್ಲಿಗೆ. ಕೈಚೀಲ ಬಿಟ್ಟರೆ ಬೇರೇನೂ ಇಲ್ಲ. ಮೊದಲು ತಲುಪುವುದು ನಾನೋ ಈ ಕಾಗದವೋ ಗೊತ್ತಿಲ್ಲ. ಕಾಗದ ಬಂದು ನಾನು ಬಂದಿರದಿದ್ದರೆ, ಎರಡನೇ ಸಲ ಓದುತ್ತ ಕೂರಬೇಡ. ನೇರ ಪೊಲೀಸರ ಕೈಗೆ ಕೊಡು.