ಕರಿಯನ ಮೈಮೇಲಿನ ಚುಕ್ಕಿ

ಗುಂಡಾ, ಎದ್ದ ತಕ್ಷಣ ಇದನ್ನು ಓದು. ಹಲ್ಲುಜ್ಜುವುದು ಆಮೇಲೆ.

ಕರಿಯನ ಮೈಮೇಲೆ ಬಿಳಿ ಚುಕ್ಕಿ ಇನ್ನೂ ಜಾಸ್ತಿಯಾಗಿದೆ. ಬಾಲದ ಹತ್ತಿರವೇ ಹನ್ನೊಂದು ಎಣಿಸಿದೆ. ಮೊದಲು ಮೀನಿನ ತೊಟ್ಟಿಯ ತಳದ ಕಲ್ಲುಗಳ ಸಂದಿಗೆ ಪೈಪ್ ಇಟ್ಟು ಎರಡು ಬಕೆಟ್ ನೀರು ತೆಗಿ. ಆ ಚುಕ್ಕಿಯೇ ಹುಳ, ಮೈಯಿಂದ ಉದುರಿದ ಒಂದೊಂದೂ ನೂರಾಗುವುದು ಅಲ್ಲೇ. ಹೊಸ ನೀರು ತುಂಬಿಸಿ ಔಷಧಿ ಅರ್ಧ ಮುಚ್ಚಳ ಹಾಕು. ನಿನ್ನೆಯ ಹಾಗೆ ಅಂದಾಜಿಗೆ ಸುರಿದೆಯೋ, ನಿನ್ನ ಕಥೆ ಅಷ್ಟೇ.

ತೊಟ್ಟಿಯ ಲೈಟ್ ಹಾಕಬೇಡ. ಸಂಜೆ ಅಪ್ಪ ಆಸ್ಪತ್ರೆಯಿಂದ ಬರುತ್ತಾರೆ. ಚಪ್ಪಲಿ ಬಿಡುವ ಮೊದಲೇ ಗಾಜನ್ನು ಎರಡು ಸಲ ತಟ್ಟಿ ಕರಿಯನನ್ನು ಕರೆಯುತ್ತಾರೆ, ಗೊತ್ತಲ್ಲ.

ನಿನಗೊಂದು ವಿಷಯ ಹೇಳಿರಲಿಲ್ಲ. ಬೈಯಬೇಡ. ಅಪ್ಪ ಅಡ್ಮಿಟ್ ಆದ ಮೂರನೇ ದಿನವೇ ಅವರ ಕರಿಯ ಸತ್ತುಹೋದ. ಇದು ನಾನು ತಂದದ್ದು. ಹೊಸ ಮೀನನ್ನು ಎರಡು ವಾರ ಬೇರೆ ಬಕೆಟ್ಟಿನಲ್ಲಿಡಿ ಅಂತ ಅಂಗಡಿಯವನು ಬಡಕೊಂಡ. ನಾನು ಅವತ್ತೇ ತೊಟ್ಟಿಗೆ ಬಿಟ್ಟೆ. ಬಕೆಟ್ಟಿನಲ್ಲಿಟ್ಟರೆ, ಗಾಜು ತಟ್ಟಿದಾಗ ಬರುವುದನ್ನು ಕಲಿಸುವುದು ಹೇಗೆ?

ನಿನ್ನೆ ತಟ್ಟಿದೆ. ಮೈತುಂಬ ಚುಕ್ಕಿ ಹೊತ್ತುಕೊಂಡೂ ಬಂದ ಕಣೋ.

ಅಕ್ಕ